ಗಡ್ಡ ತೆಗೆದ ಗುರುವಾರ

"ಗಡ್ಡ ತೆಗೆದು ಬನ್ನಿ. ಆಮೇಲೆ ಮಾತು."

ಕಿಟಕಿಯ ಆಚೆ ನಿಂತಿದ್ದ ಗಂಡಸು ಹಿಂದಕ್ಕೊಮ್ಮೆ ತಿರುಗಿ ನೋಡಿದ. ಈ ಮಾತು ಬೇರೆ ಯಾರಿಗೋ ಇರಬೇಕು ಎಂದುಕೊಂಡ. ಹಿಂದೆ ಯಾರೂ ಇರಲಿಲ್ಲ.

"ನನಗಾ ಹೇಳಿದ್ದು?"

"ಮತ್ತೆ ಗೋಡೆಗಾ?"

"ನೋಡಮ್ಮಾ, ನಾನು ಹೊಸದಾಗಿ ಬಂದಿರೋ ಮೇಸ್ತ್ರಿ. ವಯಸ್ಸು ಐವತ್ತೊಂದು. ಇಪ್ಪತ್ತೆರಡು ವರ್ಷದಿಂದ ಟ್ಯಾಂಕ್ ಇಳೀತಿದ್ದೀನಿ. ಮೂರು ದಿನದ ಗಡ್ಡಕ್ಕೆ ನನ್ನನ್ನ ವಾಪಸ್ ಕಳಿಸ್ತೀರಾ?"

"ಟ್ಯಾಂಕಿನ ಗಾಳಿ ನಿಮ್ಮ ವಯಸ್ಸು ಕೇಳಿಕೊಂಡು ಒಳಗೆ ಬರಲ್ಲ."

ಅವನ ಕಿವಿಯವರೆಗೂ ಕೆಂಪೇರಿತು. ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಕಿಟಕಿಯ ಹಲಗೆ ಧಡಕ್ಕನೆ ಮುಚ್ಚಿಕೊಂಡಿತು.

ಒಂಬತ್ತು ವರ್ಷದ ಹಿಂದೆ ಅವರಿಬ್ಬರ ಪರಿಚಯವಾದದ್ದು ಹೀಗೆ. ಇಬ್ಬರನ್ನು ಹತ್ತಿರ ತರಬೇಕೆಂದು ದೇವರು ಮನಸ್ಸು ಮಾಡಿದಾಗ ಯಾವ ದಾರಿ ಹಿಡಿಯುತ್ತಾನೋ ಯಾರು ಬಲ್ಲರು? ಇವರ ಪಾಲಿಗೆ ಅವನು ಜಗಳದ ದಾರಿಯನ್ನೇ ಹಿಡಿದಿದ್ದ.

ಅದು ಬಣ್ಣ ತಯಾರಿಸುವ ಕಾರ್ಖಾನೆ. ಹಿಂಭಾಗದಲ್ಲಿ ಹನ್ನೊಂದು ದೊಡ್ಡ ಟ್ಯಾಂಕುಗಳು. ರಾಸಾಯನಿಕ ಖಾಲಿಯಾದಾಗಲೆಲ್ಲ ಜನ ಒಳಗಿಳಿದು ತಳ ಕೆರೆದು ತೊಳೆಯಬೇಕು. ಇಳಿಯುವ ಮೊದಲು ಮುಖಕ್ಕೆ ರಬ್ಬರಿನ ಮಾಸ್ಕ್ ಹಾಕಲೇಬೇಕು. ಮಾಸ್ಕಿನ ಅಂಚಿಗೂ ಚರ್ಮಕ್ಕೂ ನಡುವೆ ನಾಲ್ಕು ಕೂದಲು ಸಿಕ್ಕಿಕೊಂಡರೂ ಸಾಕು, ವಿಷದ ಗಾಳಿ ಅಲ್ಲೇ ದಾರಿ ಮಾಡಿಕೊಳ್ಳುತ್ತದೆ.

ಮಾಸ್ಕ್ ಕೋಣೆ ಅವಳದು. ದಿನಾ ಬೆಳಿಗ್ಗೆ ಗಂಡಸರು ಅವಳ ಕಿಟಕಿಯ ಮುಂದೆ ಸಾಲಾಗಿ ನಿಂತು ಗಲ್ಲ ಮುಂದೆ ಚಾಚುತ್ತಿದ್ದರು. ಅವಳು ಬೆರಳ ಹಿಂಬದಿಯಿಂದ ದವಡೆ ಸವರಿ ನೋಡುತ್ತಿದ್ದಳು. ನುಣುಪಾಗಿದ್ದರೆ ಮಾಸ್ಕ್, ತರಿತರಿಯಾಗಿದ್ದರೆ ಬೈಗುಳ. ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಮಾಸ್ಕಮ್ಮ ಎಂದು. ಎದುರಿಗೂ ಅದೇ, ಬೆನ್ನ ಹಿಂದೆಯೂ ಅದೇ.

ಆ ದಿನ ಮೇಸ್ತ್ರಿ ನಲ್ಲಿಯ ಹತ್ತಿರ ಯಾರದೋ ರೇಜರ್ ಇಸಿದುಕೊಂಡು, ಕೆನ್ನೆ ಎರಡು ಕಡೆ ಕೊಯ್ದುಕೊಂಡು ವಾಪಸ್ ಬಂದ. ಸಂಜೆ ಮಾಸ್ಕ್ ಒಪ್ಪಿಸುವಾಗ ಹೇಳಿದ:

"ನೀವು ಬೈದಿದ್ದು ಸರಿ. ಬೈದ ರೀತಿ ಸರಿ ಇಲ್ಲ."

"ರೀತಿ ನೋಡ್ಕೊಂಡು ಬೈಯೋಕೆ ನನಗೆ ಪುರುಸೊತ್ತಿಲ್ಲ."

ಅವನು ನಕ್ಕುಬಿಟ್ಟ. ಅವಳು ನಗಲಿಲ್ಲ. ಆದರೆ ಮನೆಗೆ ಹೋಗುವಾಗ ಬಸ್ಸಿನಲ್ಲಿ ಆ ನಗು ನೆನಪಾಗಿ, ತನ್ನ ಮೇಲೇ ಸಿಟ್ಟು ಬಂತು.

ಅವಳ ಸಿಟ್ಟಿನ ಬೇರು ಆಳದಲ್ಲಿತ್ತು. ಅವಳ ಗಂಡನೂ ಅದೇ ಟ್ಯಾಂಕುಗಳಲ್ಲಿ ದುಡಿದವನು. ಆಗ ಮಾಸ್ಕ್ ಕೋಣೆಯಲ್ಲಿ ಯಾರೂ ದವಡೆ ಸವರಿ ನೋಡುತ್ತಿರಲಿಲ್ಲ. ನಾಲ್ಕು ದಿನ ಸೋಮಾರಿತನದಿಂದ ಗಡ್ಡ ಬಿಟ್ಟವನು ಐದನೆಯ ದಿನ ಹಾಗೆಯೇ ಒಳಗಿಳಿದ. ಮೇಲೆ ಬಂದದ್ದು ಜೀವಂತವಾಗಿಯೇ. ಆದರೆ ಶ್ವಾಸಕೋಶ ಸುಟ್ಟುಹೋಗಿತ್ತು. ನಾಲ್ಕು ವರ್ಷ ಬೆನ್ನಿಗೆ ದಿಂಬು ಒಟ್ಟಿಕೊಂಡು ಕೂತೇ ಮಲಗಿದ. ನಾಲ್ಕು ವರ್ಷವೂ ಅವಳು ಪಕ್ಕದಲ್ಲಿ ಕೂತು, ಮುಂದಿನ ಉಸಿರು ಬರುತ್ತದೋ ಇಲ್ಲವೋ ಎಂದು ಕಿವಿಗೊಟ್ಟಿದ್ದಳು. ಒಂದು ಬೆಳಿಗ್ಗೆ ಅದು ಬರಲಿಲ್ಲ.

ಆಮೇಲೆ ಕಾರ್ಖಾನೆಯವರು ಏನು ಬೇಕು ಎಂದು ಕೇಳಿದಾಗ ಅವಳು ಕೇಳಿದ್ದು ಆ ಕೋಣೆಯ ಕೆಲಸವನ್ನೇ.

ಮೇಸ್ತ್ರಿಗೆ ಇದೆಲ್ಲ ತಿಳಿಯಲು ಎರಡು ವರ್ಷ ಬೇಕಾಯಿತು. ತಿಳಿದ ಮೇಲೆ ಅವನು ಒಂದು ದಿನವೂ ತರಿತರಿ ದವಡೆ ಹೊತ್ತು ಕಿಟಕಿಗೆ ಬರಲಿಲ್ಲ. ಅವನಿಗೆ ಹೆಂಡತಿ ಮಕ್ಕಳಿರಲಿಲ್ಲ. ಗಂಡ ಸತ್ತ ಅಕ್ಕನನ್ನು ನೋಡಿಕೊಳ್ಳುತ್ತ ಮದುವೆಯ ವಯಸ್ಸು ದಾಟಿಹೋಗಿತ್ತು. ಬೆಳಗಿನ ಸಾಲಿನಲ್ಲಿ ಬೇಕೆಂದೇ ಕೊನೆಗೆ ನಿಲ್ಲುತ್ತಿದ್ದ. ಎರಡು ಮಾತು ಹೆಚ್ಚು ಆಡಬಹುದಲ್ಲ ಎಂದು.

ಟ್ಯಾಂಕಿನ ಗಂಡಸರಲ್ಲಿ ಒಂದು ರೂಢಿಯಿತ್ತು. ಮೂವತ್ತು ವರ್ಷ ದಿನಾ ಬೆಳಿಗ್ಗೆ ಗಲ್ಲ ಕೆರೆದುಕೊಂಡವರು, ನಿವೃತ್ತರಾದ ಮರುದಿನದಿಂದ ಗಡ್ಡ ಬಿಡುತ್ತಿದ್ದರು. ಅವರ ಸ್ವಾತಂತ್ರ್ಯದ ಬಾವುಟ ಅದು. ಕೆಲವರು ತಪಸ್ಸಿಗೆ ಹೊರಟವರಂತೆ ಕಾಣುತ್ತಿದ್ದರು, ಕೆಲವರು ಹಾಸಿಗೆಯಿಂದ ಎದ್ದು ಬಂದ ರೋಗಿಯಂತೆ. ಒಬ್ಬ ವೆಲ್ಡರ್ ಅಂತೂ ಮೊಮ್ಮಗಳು ಹತ್ತಿರ ಬರದೆ ಅತ್ತಿದ್ದಕ್ಕೆ ವಾರದಲ್ಲೇ ಬೋಳಿಸಿಬಿಟ್ಟ.

ಮೇಸ್ತ್ರಿಗೂ ಅರವತ್ತು ತುಂಬಿತು. ಕೊನೆಯ ದಿನ ಮಾಸ್ಕ್ ಒಪ್ಪಿಸಿ ಕಿಟಕಿಯ ಬಳಿಯೇ ನಿಂತ.

"ನಾಳೆಯಿಂದ ಇಲ್ಲಿಗೆ ಬರೋಕೆ ನನಗೆ ನೆಪ ಇರಲ್ಲ."

ಅವಳು ಮಾಸ್ಕಿನ ಗಾಜು ಒರೆಸುತ್ತಲೇ ಇದ್ದಳು.

"ನಿಮ್ಮ ಮನೆ ಬಾಗಿಲಿಗೆ ಬರಬಹುದಾ ಅಂತ ಕೇಳ್ತಿದ್ದೀನಿ. ದಾರಿ ತಪ್ಪಿ ಬಂದವನ ಹಾಗಲ್ಲ. ಮದುವೆ ಆಗೋ ಗಂಡಸಿನ ಹಾಗೆ."

"ನಾಳೆ ಕಂಟ್ರಾಕ್ಟ್ ಮೇಲೆ ಕರೀತಾರೆ. ದೊಡ್ಡ ಟ್ಯಾಂಕಿನ ಒಳಗು ನಿಮ್ಮಷ್ಟು ಯಾರಿಗೂ ಗೊತ್ತಿಲ್ಲ. ನೀವು ಹೋಗ್ತೀರಿ. ಟ್ಯಾಂಕ್ ಇಳಿಯೋ ಗಂಡಸಿಗೆ ನಾನು ಇನ್ನೊಂದು ಸಲ ಬಾಗಿಲು ತೆಗೆಯಲ್ಲ."

"ಹೋಗಲ್ಲ. ಮಾತು ಕೊಡ್ತೀನಿ."

"ನನ್ನ ಗಂಡನೂ ಕೊಟ್ಟಿದ್ರು. ನಾಳೆ ಶೇವ್ ಮಾಡ್ತೀನಿ ಅಂತ."

ಅವನು ತನ್ನ ಗಲ್ಲ ಮುಟ್ಟಿಕೊಂಡ.

"ಹಾಗಾದ್ರೆ ಇದನ್ನೇ ಅಡ ಇಡ್ತೀನಿ. ಇವತ್ತಿನಿಂದ ಗಡ್ಡ ತೆಗೆಯಲ್ಲ. ಗಡ್ಡ ಇರೋ ತನಕ ಯಾವ ಮಾಸ್ಕೂ ನನ್ನ ಮುಖಕ್ಕೆ ಕೂರಲ್ಲ, ಯಾರೂ ನನ್ನನ್ನ ಟ್ಯಾಂಕಿಗೆ ಇಳಿಸಲ್ಲ. ನಿಮ್ಮ ಕಣ್ಣಾರೆ ನೋಡ್ಕೋಬಹುದು."

ಅವಳು ಒಪ್ಪಿದಳು. ದೂರದೂರಿನಲ್ಲಿದ್ದ ಮಗಳಿಗೆ ಫೋನ್ ಮಾಡಿ ಅಂಜುತ್ತಲೇ ಹೇಳಿದಳು. ಮಗಳು ನಕ್ಕಳು. "ಒಳ್ಳೇದಾಯ್ತಮ್ಮ. ಇನ್ಮೇಲೆ ಫೋನಲ್ಲಿ ನನ್ನನ್ನ ಬೈಯೋದು ಕಮ್ಮಿ ಆಗುತ್ತೆ."

ಮೂರು ತಿಂಗಳಲ್ಲಿ ಅವನ ಗಡ್ಡ ಬೆಳ್ಳಗೆ, ದಟ್ಟವಾಗಿ ಇಳಿಯಿತು. ಗುರುವಾರ ಅವಳಿಗೆ ರಜೆ. ಪ್ರತಿ ಗುರುವಾರ ಹತ್ತು ಗಂಟೆಗೆ ಬಂದು ಅವಳ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಗಡ್ಡಕ್ಕೆ ಅಂಟಿದ ಬಿಸ್ಕತ್ತಿನ ಪುಡಿಯನ್ನು ಅವಳು ಬೈಯುತ್ತಲೇ ಕೊಡವುತ್ತಿದ್ದಳು. ಮುಂದಿನ ತಿಂಗಳು ರಿಜಿಸ್ಟ್ರಾರ್ ಕಚೇರಿಗೆ ಹೋಗುವುದೆಂದು ಮಾತಾಗಿತ್ತು. ಗಂಡಸಿನ ಗಡ್ಡ ನೋಡಿ ನೆಮ್ಮದಿಯಾಗುವ ದಿನ ತನಗೂ ಬಂತಲ್ಲ ಎಂದು ದೇವರ ಮುಂದೆ ಕೈಮುಗಿದಾಗ ಅವಳಿಗೆ ಅಚ್ಚರಿಯಾಗುತ್ತಿತ್ತು.

ಒಂದು ಗುರುವಾರ ಅವನು ಬರಲಿಲ್ಲ. ಮೈ ಸರಿಯಿಲ್ಲ ಎಂದು ಫೋನ್ ಮಾಡಿದ. ಅದರ ಮುಂದಿನ ಗುರುವಾರ ಬಂದ.

ಅವಳು ಬಾಗಿಲು ತೆರೆದಳು.

ಗಡ್ಡ ಇರಲಿಲ್ಲ.

ನುಣ್ಣಗೆ ಕೆರೆದ ಗಲ್ಲ. ಬಿಸಿಲು ಕಾಣದ ಚರ್ಮ ಬೆಳ್ಳಗೆ ಬಿಳಿಚಿಕೊಂಡಿತ್ತು. ಅವಳ ಕಣ್ಣು ತಾನಾಗಿಯೇ ಮೇಲಕ್ಕೆ ಹೋಯಿತು. ಮೂಗಿನ ಮೇಲೆ ಅಡ್ಡಕ್ಕೆ ಕೆಂಪು ಗೆರೆ. ಎರಡೂ ಕೆನ್ನೆಯ ಮೇಲೆ ಪಟ್ಟಿ ಒತ್ತಿದ ಗುರುತು.

ಆ ಗುರುತು ಅವಳಿಗೆ ತನ್ನ ಅಂಗೈ ಗೆರೆಯಷ್ಟೇ ಪರಿಚಿತ. ಸಾವಿರ ಮುಖಗಳಲ್ಲಿ ನೋಡಿದ್ದಳು. ಮಾಸ್ಕ್ ಬಿಗಿದು ತೆಗೆದ ಗುರುತು!

"ಏನಿದು?"

"ಅದಾ... ಸೆಖೆ. ಕೆರೀತಿತ್ತು. ತೆಗೆದುಬಿಟ್ಟೆ."

"ಸೆಖೆಗೆ ಮೂಗಿನ ಮೇಲೆ ಗೆರೆ ಬೀಳುತ್ತಾ?"

ಅವನ ಕೈ ಮೂಗಿಗೆ ಹೋಯಿತು. ಮುಖ ಬಾಡಿತು. ಸಿಕ್ಕಿಬಿದ್ದವನ ಮುಖ ಅದು, ಅವಳಿಗೆ ಅನುಮಾನವೇ ಉಳಿಯಲಿಲ್ಲ.

"ಒಳಗೆ ಕೂತು ಹೇಳ್ತೀನಿ. ಸ್ವಲ್ಪ ಸಮಾಧಾನ ಮಾಡ್ಕೊಳ್ಳಿ..."

"ಎಷ್ಟು ದಿನದಿಂದ?"

"ಸೋಮವಾರದಿಂದ. ಆದ್ರೆ ನೀವು ಅಂದ್ಕೊಂಡ..."

"ಸಾಕು." ಅವಳ ಧ್ವನಿ ಏರಲಿಲ್ಲ. ಏರಿದ್ದರೆ ಅವನಿಗೆ ಅಷ್ಟು ಭಯವಾಗುತ್ತಿರಲಿಲ್ಲ. "ಮೂರು ತಿಂಗಳು ನನ್ನ ಅಡುಗೆಮನೇಲಿ ಕೂತು ನಾಟಕ ಆಡಿದ್ರಿ. ಗಡ್ಡ ಅಡ ಇಡ್ತೀನಿ ಅಂದ್ರಿ. ಬಿಡಿಸ್ಕೊಂಡು ಹೋಗುವಾಗ ಒಂದು ಮಾತು ಹೇಳಬೇಕು ಅಂತಲೂ ಅನ್ನಿಸಲಿಲ್ಲ. ಹೋಗಿ. ಮುಂದಿನ ತಿಂಗಳ ಕೆಲಸ ಯಾವುದೂ ಇಲ್ಲ. ಅಕ್ಕನಿಗೂ ಹೇಳಿಬಿಡಿ."

"ನೀವು ಕೇಳೋದಕ್ಕೂ ತಯಾರಿಲ್ವಲ್ಲ."

ಬಾಗಿಲು ಮುಚ್ಚಿತು. ಒಲೆಯ ಮೇಲೆ ಚಹಾ ಉಕ್ಕಿ ಚೆಲ್ಲಿತು. ಅವಳು ಅದನ್ನು ಒರೆಸಲೂ ಇಲ್ಲ.

'ಎರಡನೇ ಸಲ ಮೂರ್ಖಳಾದೆನಲ್ಲ... ಗಂಡಸರ ಗಲ್ಲ ನೋಡುವುದೇ ಕಸುಬಾದವಳು, ಇವನ ಗಲ್ಲ ನಂಬಿ ಕೆಟ್ಟೆನಲ್ಲ.' ಇಡೀ ದಿನ ಅಳು ಬರಲಿಲ್ಲ. ಬಂದಿದ್ದರೆ ಸ್ವಲ್ಪ ತಣ್ಣಗಾಗುತ್ತಿದ್ದಳೇನೋ.

ಶುಕ್ರವಾರ ಕೆಲಸಕ್ಕೆ ಬಂದವಳು ನೇರವಾಗಿ ಸೂಪರ್‌ವೈಸರನ ಮೇಜಿನ ಮುಂದೆ ನಿಂತಳು.

"ಮೇಸ್ತ್ರಿಯನ್ನ ಯಾವ ಟ್ಯಾಂಕಿಗೆ ಇಳಿಸ್ತಿದ್ದೀರಿ?"

ಸೂಪರ್‌ವೈಸರ್ ಕನ್ನಡಕದ ಮೇಲಿಂದ ನೋಡಿದ. "ಯಾವ ಮೇಸ್ತ್ರಿ?"

"ನನ್ನ ಹತ್ತಿರ ಆಟ ಬೇಡ. ನನ್ನ ಕೋಣೆಯ ಮಾಸ್ಕ್ ಅಲ್ಲ ಅದು, ಗುರುತು ಸಣ್ಣದಿದೆ. ಹೊರಗಡೆಯಿಂದ ಅಗ್ಗದ ಮಾಲು ತರಿಸಿ, ನನ್ನ ಕಣ್ಣು ತಪ್ಪಿಸಿ ಇಳಿಸ್ತಿದ್ದೀರಾ? ಅರವತ್ತು ವರ್ಷದ ಮನುಷ್ಯನನ್ನ?"

"ಮಾಸ್ಕಮ್ಮ, ಸ್ವಲ್ಪ ಉಸಿರು ತಗೊಳ್ಳಿ. ನಾನು ಆ ಪುಣ್ಯಾತ್ಮನಿಗೆ ಎರಡು ಸಲ ಫೋನ್ ಮಾಡಿದೆ. ದೊಡ್ಡ ಟ್ಯಾಂಕಿನ ಪೈಪ್ ಯಾರಿಗೂ ಅರ್ಥ ಆಗ್ತಿಲ್ಲ, ಬಂದು ಮೇಲೆ ನಿಂತು ತೋರಿಸಿ ಸಾಕು ಅಂದೆ. ಏನಂದ ಗೊತ್ತಾ? 'ಗೇಟಿನ ಒಳಗೂ ಕಾಲಿಡಲ್ಲ, ಮಾತು ಕೊಟ್ಟಿದ್ದೀನಿ' ಅಂದ. ಯಾರಿಗೆ ಕೊಟ್ಟಿದ್ದು ಅಂತ ನಮಗೆಲ್ಲ ಗೊತ್ತು. ಅದಕ್ಕೆ ಮೂರನೇ ಸಲ ಮಾಡಲಿಲ್ಲ."

"ಹಾಗಾದ್ರೆ ಬೇರೆ ಕಾರ್ಖಾನೆಗೆ ಹೋಗ್ತಿದ್ದಾರೆ."

"ಈ ಸುತ್ತಮುತ್ತ ಇಂಥ ಟ್ಯಾಂಕ್ ಇರೋ ಬೇರೆ ಕಾರ್ಖಾನೆ ತೋರಿಸಿ, ನಾನೂ ಅಲ್ಲಿಗೇ ಸೇರ್ಕೋತೀನಿ. ಇಲ್ಲಿ ನಿಮ್ಮ ಬೈಗುಳ ತಿಂದು ಸಾಕಾಗಿದೆ."

ಆದರೂ ಅವಳ ಸಿಟ್ಟು ಇಳಿಯಲಿಲ್ಲ, ದಿಕ್ಕು ತಪ್ಪಿತು ಅಷ್ಟೇ. ಟ್ಯಾಂಕಿಗೆ ಹೋಗದಿದ್ದರೆ ಮುಖದ ಮೇಲೆ ಆ ಗುರುತು ಎಲ್ಲಿಂದ ಬಂತು? ಯಾಕೆ ಸುಳ್ಳು ಹೇಳಿದ?

ಮಧ್ಯಾಹ್ನದ ಪಾಳಿಯವಳಿಗೆ ಕೋಣೆಯ ಬೀಗದ ಕೈ ಕೊಟ್ಟು, ಅವನ ಮನೆಗೆ ಹೊರಟಳು. ಕೇಳಿಯೇ ಬಿಡಬೇಕು. ಕೇಳಿ, ಮುಖಕ್ಕೆ ಹೊಡೆದ ಹಾಗೆ ಹೇಳಿ, ಎಲ್ಲವನ್ನೂ ಅಲ್ಲಿಗೇ ಮುಗಿಸಬೇಕು.

ಬಾಗಿಲು ತೆರೆದವಳು ಅವನ ಅಕ್ಕ. ಎಪ್ಪತ್ತು ದಾಟಿದ ಮುದುಕಿ, ನಾಲಿಗೆಗೆ ಮಾತ್ರ ಇನ್ನೂ ಹದಿನೆಂಟು.

"ಬಂದ್ಯಾ? ಬಾ. ನಿನ್ನೆಯಿಂದ ಇಲ್ಲೊಬ್ಬ ಊಟ ಬಿಟ್ಟು ಗೋಡೆ ನೋಡ್ತಾ ಕೂತಿದ್ದಾನೆ. ಅರವತ್ತು ವರ್ಷಕ್ಕೆ ಪ್ರೇಮ ಮಾಡಿದ್ರೆ ಹೀಗೇ, ಅಕ್ಕನ ಕೈಲಿ ಅನ್ನ ಕಲಸಿಸ್ಕೋಬೇಕು."

"ಅಕ್ಕಾ, ಅವರ ಮುಖದ ಮೇಲೆ ಆ ಗುರುತು ಏನು?"

ಅಕ್ಕ ಅವಳನ್ನೇ ದಿಟ್ಟಿಸಿದಳು. "ಹೇಳಿಲ್ವಾ ಅವನು? ನಿನ್ನೆ ಹೇಳೋಕೇ ಅಂತ ಬಂದನಲ್ಲ."

ಅವಳು ತಲೆ ತಗ್ಗಿಸಿದಳು. ಅಕ್ಕ ಒಳಕೋಣೆಯ ಪರದೆ ಸರಿಸಿದಳು.

ಮಂಚದ ಪಕ್ಕದ ಸ್ಟೂಲಿನ ಮೇಲೆ ಬೂದು ಬಣ್ಣದ ಪುಟ್ಟ ಯಂತ್ರ. ಅದರಿಂದ ಹೊರಟ ಸುರುಳಿ ಕೊಳವೆ. ಕೊಳವೆಯ ತುದಿಯಲ್ಲಿ ಮೂಗು ಬಾಯಿ ಮುಚ್ಚುವ ಮಾಸ್ಕ್, ತಲೆಯ ಹಿಂದಕ್ಕೆ ಕಟ್ಟುವ ನೀಲಿ ಪಟ್ಟಿ.

"ನಿದ್ದೆಯಲ್ಲಿ ಉಸಿರು ನಿಂತೇ ಹೋಗುತ್ತೆ ಕಣೇ. ನಾನೇ ಮೊದಲು ನೋಡಿದ್ದು. ಎದೆ ಏಳೋದೇ ಇಲ್ಲ, ಆಮೇಲೆ ಮುಳುಗ್ತಿರೋವನ ಹಾಗೆ ಒದ್ದಾಡಿ ಎಳ್ಕೋತಾನೆ. ಹೋದ ಗುರುವಾರ ಆಸ್ಪತ್ರೇಲಿ ಮಲಗಿಸಿ ಪರೀಕ್ಷೆ ಮಾಡಿದ್ರು. ಇದನ್ನ ಹಾಕ್ಕೊಂಡೇ ಮಲಗಬೇಕಂತೆ, ಇರೋ ತನಕ. ಸೋಮವಾರ ತಂದ್ವಿ."

"ಗಡ್ಡ..."

"ಗಡ್ಡ ಇದ್ರೆ ಅದು ಕೂರಲ್ಲವಂತೆ. ಗಾಳಿ ಎಲ್ಲಾ ಬುಸ್ಸಂತ ಪಕ್ಕಕ್ಕೆ ಹೋಗುತ್ತೆ. ತೆಗಿಯೋ ಅಂದ್ರೆ ಈ ಮಹಾರಾಯ ಎರಡು ದಿನ ತೆಗೆಯಲಿಲ್ಲ. 'ಇದು ನಂದಲ್ಲ ಅಕ್ಕಾ, ಅವಳ ಹತ್ತಿರ ಅಡ ಇಟ್ಟಿರೋದು' ಅಂದ. ಪಟ್ಟಿಯನ್ನ ಬಿಗಿದೂ ಬಿಗಿದೂ ಮೂಗು ಕೆಂಪು ಮಾಡ್ಕೊಂಡ. ಗಾಳಿ ನಿಲ್ಲಲಿಲ್ಲ. ಕೊನೆಗೆ ಬುಧವಾರ ನಾನೇ ರೇಜರ್ ಕೈಗಿಟ್ಟೆ. ನೀನು ತೆಗಿತೀಯೋ ನಾನು ತೆಗೀಲೋ ಅಂದೆ."

ಅವಳು ಮಂಚದ ಅಂಚಿನಲ್ಲಿ ಕೂತುಬಿಟ್ಟಳು.

ಒಬ್ಬ ಗಂಡಸು ಗಡ್ಡದಿಂದ ಹೋದ. ಆ ಗಡ್ಡದ ಮೇಲಿನ ದ್ವೇಷಕ್ಕೆ ಅವಳು ಇಷ್ಟು ವರ್ಷ ಎಷ್ಟೋ ಗಂಡಸರ ದವಡೆ ಸವರಿದಳು. ಕೊನೆಗೆ ತನಗೆ ಬೇಕಾದ ಒಬ್ಬನ ಮುಖಕ್ಕೆ, ಮಾಸ್ಕಿಗೂ ಚರ್ಮಕ್ಕೂ ನಡುವೆ, ತಾನೇ ಗಡ್ಡ ಬೆಳೆಸಿ ಇಟ್ಟಿದ್ದಳು.

'ದೇವರೇ... ಎರಡು ದಿನ. ಆ ಎರಡು ದಿನದಲ್ಲಿ ಏನಾದರೂ ಆಗಿದ್ದರೆ?'

"ಯಾರು ಬಂದಿದ್ದು ಅಕ್ಕಾ?"

ಹಿತ್ತಲಿನಿಂದ ಬಂದ ಮೇಸ್ತ್ರಿ ಬಾಗಿಲಲ್ಲೇ ನಿಂತ. ಅವಳನ್ನು ನೋಡಿದ, ಯಂತ್ರವನ್ನು ನೋಡಿದ. ಸರಸರನೆ ಬಂದು ಆ ಮಾಸ್ಕಿನ ಮೇಲೆ ಟವೆಲ್ ಎಸೆದ.

ಅಲ್ಲಿಯವರೆಗೆ ಕುಸಿದಿದ್ದ ಅವಳ ಸಿಟ್ಟು ಭಗ್ಗನೆ ಎದ್ದಿತು.

"ಮುಚ್ಚಿಡ್ತೀಯಾ? ಇನ್ನೂ ಮುಚ್ಚಿಡ್ತೀಯಾ? ಉಸಿರು ನಿಲ್ಲುತ್ತೆ ಅಂತ ಗೊತ್ತಾದ್ಮೇಲೂ ಎರಡು ದಿನ ಗಡ್ಡ ಹೊತ್ಕೊಂಡು ಮಲಗಿದ್ದೆಯಲ್ಲ, ನಿನಗೆ ಬುದ್ಧಿ ಇದೆಯಾ? ಸತ್ತು ಮಾತು ಉಳಿಸ್ಕೊಂಡಿದ್ರೆ ಅದನ್ನ ಇಟ್ಕೊಂಡು ನಾನೇನು ಮಾಡಬೇಕಿತ್ತು?"

ಒಂಬತ್ತು ವರ್ಷದಲ್ಲಿ ಮೊದಲ ಸಲ ಅವಳ ಬಾಯಿಂದ 'ನೀನು' ಬಂದಿತ್ತು. ಅವಳಿಗೆ ಗೊತ್ತೇ ಆಗಲಿಲ್ಲ.

ಅಕ್ಕನಿಗೆ ಗೊತ್ತಾಯಿತು. "ಮದುವೆ ಆದಂಗೇ ಆಯ್ತು ಬಿಡಿ," ಎಂದು ಗೊಣಗಿಕೊಂಡು ಅಡುಗೆಮನೆಗೆ ಹೋದಳು.

ಮೇಸ್ತ್ರಿಗೂ ಈಗ ಸಿಟ್ಟು ಬಂದಿತ್ತು.

"ಹೇಳೋಕೇ ಬಂದಿದ್ದೆ. ಬಾಗಿಲು ಹಾಕಿದ್ದು ಯಾರು? ಇಷ್ಟು ವರ್ಷ ಗಂಡಸರ ಗಲ್ಲ ನೋಡಿದ್ದೀರಿ. ಅದರ ಹಿಂದೆ ಒಬ್ಬ ಮನುಷ್ಯ ಇರ್ತಾನೆ ಅಂತ ಒಂದು ದಿನ ನೋಡಿದ್ದೀರಾ? ಒಂದು ಗೆರೆ ಕಂಡಿದ್ದೇ ತಡ, ನಾನು ಸುಳ್ಳುಗಾರ, ನಾಟಕದವನು. ಒಂಬತ್ತು ವರ್ಷಕ್ಕೆ ಅಷ್ಟೇ ಬೆಲೆನಾ?"

"ಸೆಖೆ ಅಂದಿದ್ದು ಯಾರು?" ಎಂದಳು ಅವಳು. ಧ್ವನಿಯಲ್ಲಿ ಮೊದಲಿನ ಬಲ ಇರಲಿಲ್ಲ.

ಅವನು ಮಂಚದ ಇನ್ನೊಂದು ತುದಿಯಲ್ಲಿ ಕೂತ.

"ಬಾಯಿಗೆ ಬಂದಿದ್ದು ಅದು. ದಾರಿ ಪೂರ್ತಿ ಬೇರೆ ಮಾತು ಜೋಡಿಸ್ಕೊಂಡು ಬಂದಿದ್ದೆ. ನಿಮ್ಮ ಮುಖ ನೋಡಿದ ತಕ್ಷಣ ಎಲ್ಲಾ ಹಾರಿಹೋಯ್ತು. ನಾಲ್ಕು ವರ್ಷ ಒಬ್ಬರ ಉಸಿರಿಗೆ ಕಿವಿ ಕೊಟ್ಟು ಕೂತವರು ನೀವು. ಇನ್ನೊಂದು ಉಸಿರು ತಂದಿದ್ದೀನಿ, ಇದಕ್ಕೂ ಕಿವಿ ಕೊಡಿ ಅಂತ ಹೇಗೆ ಹೇಳಲಿ? ಬೇಡ ಅಂದುಬಿಡ್ತೀರಿ ಅಂತ ಭಯ. ಹೂಂ ಅಂದ್ರೆ ಇನ್ನೂ ಭಯ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು. ಅಕ್ಕ ಕಿವಿಗೊಟ್ಟು ನಿಂತಿದ್ದಳೆಂದು ಇಬ್ಬರಿಗೂ ಗೊತ್ತಿತ್ತು.

ಅವಳು ಟವೆಲ್ ಎತ್ತಿ ಪಕ್ಕಕ್ಕಿಟ್ಟಳು. ಅವನು ಮುಖ ಆಚೆ ತಿರುಗಿಸಿದ.

"ಅದನ್ನ ನೋಡಬೇಡಿ. ಹಾಕ್ಕೊಂಡ್ರೆ ಸೊಂಡಿಲು ಇಳಿಬಿಟ್ಟ ಆನೆ ಥರ ಕಾಣ್ತೀನಿ."

"ಆನೆ ಆಗಿದ್ದೀನಿ ಅಂತಲೇ ಹೇಳಬಹುದಿತ್ತಲ್ಲ. ಸೆಖೆಗಿಂತ ಅದೇ ವಾಸಿ."

ಅವನ ಭುಜ ಅಲುಗಿತು. ನಗುತ್ತಿದ್ದಾನೋ ಅಳುತ್ತಿದ್ದಾನೋ ಅವಳಿಗೆ ತಿಳಿಯಲಿಲ್ಲ. ನಿನ್ನೆಯಿಂದ ಬಾರದಿದ್ದ ಅಳು ಈಗ ಅವಳಿಗೂ ಬಂತು. ಸೆರಗಿನಿಂದ ಒರಟಾಗಿ ಒರೆಸಿಕೊಂಡಳು.

"ನಾನು ಕೇಳಬೇಕಿತ್ತು," ಎಂದಳು. "ಬಾಗಿಲು ಹಾಕೋ ಮೊದಲು ಕೇಳಬೇಕಿತ್ತು. ತಪ್ಪಾಯ್ತು."

ಅವಳು ಹಾಗೆ ಹೇಳಿದ್ದನ್ನು ಅವನು ಹಿಂದೆಂದೂ ಕೇಳಿರಲಿಲ್ಲ. ತನ್ನ ಬೋಳು ಗಲ್ಲ ಮುಟ್ಟಿಕೊಂಡ.

"ನನ್ನ ಹತ್ತಿರ ಈಗ ಅಡ ಇಡೋಕೆ ಏನೂ ಉಳಿದಿಲ್ಲ."

"ಅಡ ಇಸ್ಕೊಂಡಿದ್ದೇ ತಪ್ಪು. ನಿಮ್ಮ ಮುಖ ನಿಮ್ಮದು."

"ನಿಮಗೆ ಯಾವುದು ಇಷ್ಟ? ಇದಾ, ಅದಾ?"

"ಗಡ್ಡವೇ ಚೆನ್ನಾಗಿತ್ತು. ಇದರಲ್ಲಿ ಪುಕ್ಕ ಕಿತ್ತ ಕೋಳಿ ಹಾಗೆ ಕಾಣ್ತೀರಿ." ಬೆರಳು ತೋರಿಸಿ ಸೇರಿಸಿದಳು. "ಆದ್ರೂ ದಿನಾ ಬೆಳಿಗ್ಗೆ ಕೆರೀಬೇಕು. ಬಿಟ್ರೆ ನನ್ನ ಬಾಯಿ ಗೊತ್ತಲ್ಲ."

ಅಡುಗೆಮನೆಯಿಂದ ಅಕ್ಕ ಕೂಗಿದಳು: "ಊಟಕ್ಕೆ ಎಷ್ಟು ತಟ್ಟೆ ಇಡಲಿ?"

ಉತ್ತರಕ್ಕೆ ಕಾಯದೆ ಅಕ್ಕ ಮೂರು ತಟ್ಟೆ ಇಟ್ಟ ಸದ್ದು ಕೇಳಿಸಿತು.

"ಡಾಕ್ಟರ್ ಮತ್ತೆ ಯಾವಾಗ ಬರೋಕೆ ಹೇಳಿದ್ದಾರೆ?"

"ಸೋಮವಾರ ಹನ್ನೊಂದಕ್ಕೆ."

"ನಾನೂ ಬರ್ತೀನಿ."

"ನಿಮಗೆ ಕೆಲಸ ಇದೆಯಲ್ಲ."

"ರಜೆ ಹಾಕ್ತೀನಿ. ಇಷ್ಟು ವರ್ಷದಲ್ಲಿ ಮೂರೇ ಮೂರು ರಜೆ ಹಾಕಿದ್ದೀನಿ. ಸೂಪರ್‌ವೈಸರ್ ಖುಷಿಯಾಗೇ ಕೊಡ್ತಾನೆ."

ಅವನು ಮೆಲ್ಲಗೆ ಅವಳ ಕಡೆ ತಿರುಗಿದ. ಮಂಚದ ಮೇಲೆ ಇಬ್ಬರ ನಡುವೆ ಒಂದು ಮೊಳದಷ್ಟು ಜಾಗವಿತ್ತು. ಅವನು ಅಂಗೈ ಅಲ್ಲಿಟ್ಟ. ಅವಳು ಅದನ್ನು ನೋಡಿದಳು, ತನ್ನ ಕೈಯನ್ನು ಅದರ ಮೇಲಿಟ್ಟಳು.

"ಕೋಪ ಹೋಯ್ತಾ?"

"ಇಲ್ಲ."

"ಯಾವಾಗ ಹೋಗುತ್ತೆ?"

"ಗೊತ್ತಿಲ್ಲ," ಎಂದಳು ಅವಳು, ಕೈ ತೆಗೆಯದೆ. "ಜೊತೆಗಿದ್ದು ನೋಡು."